ಉಳಿದವರು ಹೇಗೆ ಸ್ತೋತ್ರ ಹೇಳಬೇಕು?

ಓದುವ ಭಾಗ: ಲೂಕ 17:11–19, ಲೂಕ 13:1–9, ಯಾಜಕಕಾಂಡ 7:11–16

ಹೊರಗೆ ಮೈನಸ್ 14 ಡಿಗ್ರಿ ಇದೆ. ಆದರೂ ಬ್ರಾಂಪ್ಟನ್‌ನಿಂದ, ಮಿಲ್ಟನ್‌ನಿಂದ, ಕಿಚನರ್‌ನಿಂದ ಬಂದು ಸೇರಿದ್ದೀರಿ. ದೇವರಿಗೆ ಸ್ತೋತ್ರ. ಜಾಕೆಟ್ ತೆಗೆದಿಟ್ಟು ಆರಾಮಾಗಿ ಕೂತುಕೊಳ್ಳಿ, ಬೈಬಲ್ ತೆರೆಯಿರಿ. ಇವತ್ತು ಹೆಚ್ಚಾಗಿ ಲೂಕನ ಸುವಾರ್ತೆಯಲ್ಲೇ ಇರೋಣ.

17ನೇ ಅಧ್ಯಾಯ ನಿಮಗೆಲ್ಲ ಗೊತ್ತಿರೋದೇ. ಯೇಸು ಯೆರೂಸಲೇಮಿಗೆ ಹೋಗುವ ದಾರಿ, ಸಮಾರ್ಯ ಮತ್ತು ಗಲಿಲಾಯದ ಗಡಿ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಕೂಗಿಕೊಳ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿ ಅಂತ ಯೇಸು ಹೇಳ್ತಾನೆ. ದಾರಿಯಲ್ಲಿ ಹೋಗ್ತಾ ಇರುವಾಗಲೇ ಹತ್ತು ಮಂದಿಗೂ ವಾಸಿಯಾಗುತ್ತೆ. ಅವರಲ್ಲಿ ಒಬ್ಬ ಮಾತ್ರ ಹಿಂದಕ್ಕೆ ಬಂದು ಯೇಸುವಿನ ಪಾದಕ್ಕೆ ಬೀಳ್ತಾನೆ. ಅವನು ಸಮಾರ್ಯದವನು.

ಸಾಮಾನ್ಯವಾಗಿ ನಾವು ಆ ಒಂಬತ್ತು ಮಂದಿಯನ್ನು ಬೈದು ಮುಂದಕ್ಕೆ ಹೋಗ್ತೀವಿ. ಸ್ವಲ್ಪ ನಿಲ್ಲಿ. ಅವರು ಮಾಡಿದ ತಪ್ಪೇನು? ಯೇಸು ಯಾಜಕರ ಹತ್ತಿರ ಹೋಗಿ ಅಂದ, ಅವರು ಹೋದರು. ವಿಧೇಯತೆ ಇತ್ತು, ನಂಬಿಕೆಯೂ ಇತ್ತು. ಮನೆ, ಹೆಂಡತಿ ಮಕ್ಕಳು, ಬಿಟ್ಟುಹೋದ ಕೆಲಸ, ಎಲ್ಲವೂ ಕಾಯ್ತಾ ಇತ್ತು. ಜೀವ ಉಳೀತು, ಜೀವನ ಶುರುವಾಯ್ತು, ಅಷ್ಟೇ. ನಾವೂ ಹಾಗೇ ಅಲ್ವಾ? ಆಕ್ಸಿಡೆಂಟ್‌ನಲ್ಲಿ ಬದುಕಿ ಬಂದ ಮಾರನೇ ದಿನ ಇನ್ಶೂರೆನ್ಸ್‌ನವರಿಗೆ ಫೋನ್, ಗ್ಯಾರೇಜ್‌ನವರಿಗೆ ಫೋಟೋ, ಬಾಡಿಗೆ ಕಾರು. ಸೋಮವಾರ ಬೆಳಿಗ್ಗೆ 9ಕ್ಕೆ ಲಾಗಿನ್. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕೈಮುಗಿದ ಇಮೋಜಿ. ಮುಗೀತು.

ಆದರೆ ಹಿಂದಕ್ಕೆ ಬಂದವನಿಗೆ ಯೇಸು ಹೇಳಿದ ಕೊನೇ ಮಾತು ಗಮನಿಸಿ. ಹತ್ತು ಮಂದಿಯೂ ಶುದ್ಧರಾದರು ಅನ್ನೋದಕ್ಕೆ ಮೂಲ ಗ್ರೀಕ್ ಭಾಷೆಯಲ್ಲಿ ಒಂದು ಪದ ಇದೆ. ಈ ಒಬ್ಬನಿಗೆ ಹೇಳಿದ ಪದ ಬೇರೆ. ರಕ್ಷಣೆ ಅನ್ನೋದಕ್ಕೂ ಅದೇ ಪದವನ್ನು ಬಳಸ್ತಾರೆ. ಚರ್ಮ ಹತ್ತು ಮಂದಿಗೂ ಸರಿಹೋಯ್ತು. ಹಿಂದಿರುಗಿದವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು.

ಹಾಗಾದರೆ ಉಳಿದುಕೊಂಡವನು ಹಿಂದಿರುಗೋದು ಅಂದ್ರೆ ಏನು? ಇದನ್ನು ನಾನು ಪುಸ್ತಕ ಓದಿ ಕೇಳ್ತಾ ಇಲ್ಲ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ಕಳೆದ ಜನವರಿಯಲ್ಲಿ ನಾವು ಮೂವರು ಲಂಡನ್ನಿನಿಂದ ಹಿಂದಕ್ಕೆ ಬರ್ತಾ ಇದ್ವಿ. ಇಂಗ್ಲೆಂಡಿನದ್ದಲ್ಲ, ನಮ್ಮ ಒಂಟಾರಿಯೋದ ಲಂಡನ್. ಶನಿವಾರದ ಪ್ರಾರ್ಥನಾ ಕೂಟ ಮುಗಿದಿತ್ತು. 401ರಲ್ಲಿ ವುಡ್‌ಸ್ಟಾಕ್ ಹತ್ತಿರ ಒಂದು ಸೇತುವೆ. ಕಾರು ಓಡಿಸ್ತಾ ಇದ್ದ ಸಹೋದರ ಇಲ್ಲಿ ಹತ್ತು ಚಳಿಗಾಲ ಕಂಡವನು. ವಿಂಟರ್ ಟೈರ್ ಇತ್ತು, 100ರ ರಸ್ತೆಯಲ್ಲಿ 70ಕ್ಕೂ ಕಡಿಮೆ ವೇಗ. ಸ್ನೋ ನಿಂತು ಒಂದು ಗಂಟೆ ಆಗಿತ್ತು, ರಸ್ತೆ ಬರೀ ಒದ್ದೆಯಾದ ಹಾಗೆ ಕಾಣ್ತಿತ್ತು. ಊರಿಂದ ಹೊಸದಾಗಿ ಬಂದವರು ಕೇಳಿಸಿಕೊಳ್ಳಿ: ಬ್ಲ್ಯಾಕ್ ಐಸ್ ಅನ್ನೋದು ಕಪ್ಪಗಿರಲ್ಲ. ಅದು ಗಾಜಿನ ಹಾಗೆ, ಕೆಳಗಿನ ಡಾಂಬರು ಕಾಣಿಸುತ್ತೆ ಅಷ್ಟೇ. ಸೇತುವೆಗೆ ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ ಹೊಡೆಯೋದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲೇ ನೀರು ಗಟ್ಟಿಯಾಗುತ್ತೆ.

ಕಾರು ಒಂದೂವರೆ ಸುತ್ತು ಸುತ್ತಿತು. ಯೇಸುವೇ ಅಂತ ಯಾರು ಕೂಗಿದ್ದು ನೆನಪಿಲ್ಲ, ಬಹುಶಃ ಮೂವರೂ. ಬಲಗಡೆ ರಾಶಿ ಹಾಕಿದ್ದ ಹಿಮಕ್ಕೆ ಕಾರು ಹಿಮ್ಮುಖವಾಗಿ ನುಗ್ಗಿ ನಿಂತಿತು. ಸೀಟ್ ಬೆಲ್ಟ್ ಒತ್ತಿದ ಗಾಯ ಬಿಟ್ಟರೆ ನಮಗೇನೂ ಆಗಲಿಲ್ಲ. ಬೆಟ್ಟದಂಗೆ ಬಂದಿದ್ದು ಮಂಜಿನಂಗೆ ಕರಗಿಹೋಯ್ತು ಅಂತ ಊರಲ್ಲಿ ಹೇಳ್ತಾರಲ್ಲ, ಹಾಗೆ.

ಹಿಂದೆ ಬರ್ತಿದ್ದ ಚಿಕ್ಕ ಕಾರು ಅದೇ ಐಸ್ ಮೇಲೆ ಜಾರಿತು. ಅದಕ್ಕೆ ಹಿಮದ ರಾಶಿ ಸಿಗಲಿಲ್ಲ, ಸೇತುವೆಯ ಕಬ್ಬಿಣದ ತಡೆ ಸಿಕ್ಕಿತು. ಅದರಲ್ಲಿದ್ದವನು ಇಪ್ಪತ್ತರ ಹರೆಯದ ಹುಡುಗ, ಕೆಲಸ ಮುಗಿಸಿ ಮನೆಗೆ ಹೋಗ್ತಿದ್ದ. ನಾವು 911ಕ್ಕೆ ಫೋನ್ ಮಾಡ್ತಾ ಇರುವಾಗಲೇ ಒಂದು ದೊಡ್ಡ ಟ್ರಕ್ ಹಿಂದೆ ದೂರದಲ್ಲಿ ದೀಪ ಮಿಣುಕಿಸಿಕೊಂಡು ನಿಂತಿತು. ಡ್ರೈವರ್ ಪಂಜಾಬಿ, ಪೇಟ ಕಟ್ಟಿದ್ದ ಹಿರಿಯರು. ತಮ್ಮ ಕಂಬಳಿ ತಂದು ಆ ಹುಡುಗನಿಗೆ ಹೊದಿಸಿ, ಒಡೆದ ಕಿಟಕಿಯೊಳಗೆ ಕೈ ಹಾಕಿ ಅವನ ಕೈ ಹಿಡಿದುಕೊಂಡು ಮಾತಾಡ್ತಾನೇ ಇದ್ದರು. ನಾವು ಪಕ್ಕದಲ್ಲಿ ನಿಂತು ಪ್ರಾರ್ಥನೆ ಮಾಡಿದ್ವಿ. ಆಂಬುಲೆನ್ಸ್ ಬಂತು. ಆ ಹುಡುಗ ಉಳೀಲಿಲ್ಲ.

ಬೆಳಗಿನ ಜಾವ ಹಾಸನಕ್ಕೆ ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿ, ಅತ್ತು, ಸ್ತೋತ್ರ ಸ್ತೋತ್ರ ಅಂತ ಹೇಳಿದರು. ಆಮೇಲೆ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಆ ಹುಡುಗನ್ನ ಹೆತ್ತೋಳು ಈಗ ಏನು ಮಾಡ್ತಿರ್ತಾಳೋ ಮಗಾ?"

ಪ್ರಿಯರೇ, ಇವತ್ತಿನ ಸಂದೇಶ ಪೂರ್ತಿ ಅಮ್ಮನ ಆ ಪ್ರಶ್ನೆಯೇ. ಆ ತಾಯಿಯ ಎದುರಿಗೆ ನಿಂತು ಹೇಳೋಕೆ ಆಗದ ಸ್ತೋತ್ರವನ್ನು ಸಭೆಯಲ್ಲಿ ಮೈಕ್ ಹಿಡಿದು ಹೇಳಬಹುದಾ? ಮೂರು ವಿಷಯ ಹೇಳ್ತೀನಿ, ಬರೆದುಕೊಳ್ಳಿ.

ಮೊದಲನೆಯದು: ಸ್ತೋತ್ರದಲ್ಲಿ ಹೋಲಿಕೆ ಬೇಡ.

ಲೂಕ 18ರಲ್ಲಿ ಒಬ್ಬ ಫರಿಸಾಯ ದೇವಾಲಯಕ್ಕೆ ಬರ್ತಾನೆ. ಅವನ ಪ್ರಾರ್ಥನೆ ಶುರುವಾಗೋದೇ ಕೃತಜ್ಞತೆಯಿಂದ. ನಾನು ಬೇರೆಯವರ ಹಾಗಿಲ್ಲ ಅಂತ ದೇವರಿಗೆ ಸ್ತೋತ್ರ ಹೇಳ್ತಾನೆ. ಅದು ಮೇಲಕ್ಕೆ ಹೋಗಲೇ ಇಲ್ಲ. ಅಂದ್ರೆ ದೇವರು ಒಪ್ಪದ ಸ್ತೋತ್ರವೂ ಒಂದಿದೆ. ನಮ್ಮ ಬಾಯಲ್ಲಿ ಅದು ಹೇಗೆ ಬರುತ್ತೆ ಗೊತ್ತಾ? ನಾವು ಪ್ರಾರ್ಥನೆ ಮಾಡಿ ಹೊರಟಿದ್ವಿ, ಅದಕ್ಕೇ ಉಳಿದ್ವಿ. ಹಾಗಾದರೆ ಆ ಹುಡುಗನ ಮನೆಯವರು ಪ್ರಾರ್ಥನೆ ಮಾಡಿರಲಿಲ್ಲ ಅಂತ ನಿಮಗೆ ಯಾರು ಹೇಳಿದರು?

ಅಪೊಸ್ತಲರ ಕೃತ್ಯಗಳು 12 ತೆಗೆಯಿರಿ. ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸ್ತಾನೆ. ಆಮೇಲೆ ಪೇತ್ರನನ್ನು ಹಿಡಿಸ್ತಾನೆ. ದೇವದೂತ ಬಂದು ಪೇತ್ರನ ಸರಪಳಿ ಬಿಡಿಸ್ತಾನೆ. ಇಬ್ಬರೂ ಅಪೊಸ್ತಲರು, ಇಬ್ಬರೂ ರೂಪಾಂತರದ ಬೆಟ್ಟ ಹತ್ತಿದವರು. ಒಬ್ಬ ಹೋದ, ಒಬ್ಬ ಬಂದ. ಯಾಕೆ ಅಂತ ಲೂಕ ಒಂದು ಮಾತೂ ಬರೆಯಲ್ಲ. ಪೇತ್ರ ಬಿಡುಗಡೆಯಾದ ಅಂತ ಸಂತೋಷಪಟ್ಟ ಸಭೆಯಲ್ಲೇ ಯಾಕೋಬನ ಸಹೋದರ ಯೋಹಾನನೂ ಇದ್ದಿರಬಹುದು. ಅವನ ಮುಂದೆ ಪೇತ್ರನ ನಂಬಿಕೆ ದೊಡ್ಡದು ಅಂತ ಯಾರಾದರೂ ಹೇಳೋಕಾಗುತ್ತಾ?

ಲೂಕ 13ರಲ್ಲಿ ಯೇಸು ಇದನ್ನು ನೇರವಾಗಿ ಎತ್ತುತ್ತಾನೆ. ಸಿಲೊವದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಕೇಳಿ, ಅಲ್ಲ ಅಂತ ತಾನೇ ಉತ್ತರ ಕೊಡ್ತಾನೆ. ಸತ್ತವರ ಲೆಕ್ಕ ಬಿಡಿ, ಉಳಿದ ನೀವು ತಿರುಗಿಕೊಳ್ಳಿ ಅಂತ ಹೇಳ್ತಾನೆ. ಅದರ ಬೆನ್ನಿಗೇ ಬರೋದು ಅಂಜೂರದ ಮರದ ಸಾಮ್ಯ. ಮೂರು ವರ್ಷ ಹಣ್ಣಿಲ್ಲ, ಕಡಿದುಬಿಡು ಅಂತ ತೋಟದ ಯಜಮಾನ ಹೇಳ್ತಾನೆ. ಈ ಒಂದು ವರ್ಷ ಬಿಡಿ ಒಡೆಯಾ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತ ತೋಟಗಾರ ಬೇಡ್ತಾನೆ. ಆ ಮರ ಉಳಿದದ್ದು ಹಣ್ಣು ಕೊಟ್ಟಿದ್ದಕ್ಕಲ್ಲ. ಇನ್ನೊಂದು ವರ್ಷ ಸಿಕ್ಕಿತು, ಅಷ್ಟೇ. 401ರಿಂದ ಮನೆಗೆ ಬಂದ ನಾವು ಮೂವರೂ ಆ ಮರವೇ. ನೀವೂ ಅಷ್ಟೇ.

ಎರಡನೆಯದು: ಸ್ತೋತ್ರವನ್ನು ಒಬ್ಬರೇ ತಿಂದು ಮುಗಿಸೋಕಾಗಲ್ಲ.

ಯಾಜಕಕಾಂಡ 7ನ್ನು ನಾವು ವರ್ಷದ ಬೈಬಲ್ ಓದಿನಲ್ಲಿ ಬೇಗ ಬೇಗ ದಾಟಿಬಿಡ್ತೀವಿ. ಅಲ್ಲೊಂದು ಒಳ್ಳೇ ವಿಷಯ ಇದೆ. ಸಮಾಧಾನಯಜ್ಞದಲ್ಲಿ ಹರಕೆಯದ್ದಾದರೆ ಮಾಂಸವನ್ನು ಮಾರನೇ ದಿನವೂ ತಿನ್ನಬಹುದು. ಕೃತಜ್ಞತೆಯದ್ದಾದರೆ ಹಾಗಿಲ್ಲ. ಅವತ್ತಿನದು ಅವತ್ತೇ ಮುಗೀಬೇಕು, ಬೆಳಗಿನವರೆಗೆ ಏನೂ ಉಳಿಸಬಾರದು. ಅದರ ಜೊತೆಗೆ ಎಣ್ಣೆ ಬೆರೆಸಿದ ರೊಟ್ಟಿಗಳು ಬೇರೆ. ಈಗ ಯೋಚಿಸಿ, ಯಾಜಕನ ಪಾಲು ಕೊಟ್ಟ ಮೇಲೂ ಒಂದು ಹೋರಿಯ ಮಾಂಸವನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸೋಕಾಗುತ್ತಾ? ಸಾಧ್ಯವೇ ಇಲ್ಲ. ಅಕ್ಕಪಕ್ಕದವರನ್ನು ಕರೀಲೇಬೇಕು. ನನಗೆ ಹೀಗಾಗಿತ್ತು, ದೇವರು ಉಳಿಸಿದ, ಬನ್ನಿ ಊಟಕ್ಕೆ ಅಂತ.

ನಮ್ಮ ಸಭೆಗಳಲ್ಲಿ ಸಾಕ್ಷಿ ಅಂದ್ರೆ ನನಗಾದ ಒಳ್ಳೇದನ್ನು ಹೇಳಿ ಕೂತುಕೊಳ್ಳೋದು ಅಂತಾಗಿದೆ. ಅಮ್ಮನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಪತ್ರಿಕೆಯಲ್ಲಿ ಮರಣದ ಪ್ರಕಟಣೆ ನೋಡಿ ನಾವು ಮೂವರೂ ಹೋದ್ವಿ. ಇಲ್ಲಿ ಸಮಾಧಿಗೆ ಮುಂಚೆ ಬಂದವರು ಮನೆಯವರನ್ನು ಕಾಣೋಕೆ ಒಂದು ಹೊತ್ತು ಇಟ್ಟಿರ್ತಾರೆ. ಸಾಲಿನಲ್ಲಿ ನಿಂತ್ವಿ. ನಾವು ಮುಂದಿನ ಕಾರಿನಲ್ಲಿದ್ದವರು ಅಂತ ಹೇಳಿದಾಗ ಆ ತಾಯಿ ಬೇರೆ ಏನೂ ಕೇಳಲಿಲ್ಲ. ಅವನು ಒಬ್ಬನೇ ಇದ್ದನಾ ಅಂತ ಕೇಳಿದರು. ಇಲ್ಲಮ್ಮ, ಕೊನೇವರೆಗೂ ಒಬ್ಬ ಹಿರಿಯರು ಅವನ ಕೈ ಹಿಡಿದುಕೊಂಡಿದ್ದರು, ಅವನ ಹತ್ತಿರ ಮಾತಾಡ್ತಿದ್ದರು ಅಂತ ಹೇಳಿದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ.

ಆ ಮಾತನ್ನು ಅವರಿಗೆ ಹೇಳೋಕೆ ಉಳಿದವರು ಬೇಕಿತ್ತು. ಸಾಕ್ಷಿ ಅಂದ್ರೆ ಅದು. ಉಳಿದವನು ಏನು ಕಂಡನೋ ಅದು ಇನ್ನೊಬ್ಬರ ಪಾಲಿನ ರೊಟ್ಟಿ, ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಇನ್ನೊಂದು ನೋಡಿ. ಲೂಕ 17ರಲ್ಲಿ ಹಿಂದಿರುಗಿ ಬಂದವನು ಹೊರಗಿನವನು, ಸಮಾರ್ಯದವನು. ಆ ರಾತ್ರಿ ಕಂಬಳಿ ತಂದವರೂ ನಮ್ಮ ಸಭೆಯವರಲ್ಲ. ದೇವರು ಯಾರನ್ನು ಬೇಕಾದರೂ ಬಳಸ್ತಾನೆ.

ಮೂರನೆಯದು: ಸ್ತೋತ್ರ ರಸ್ತೆಯಲ್ಲಿ ಕಾಣಬೇಕು.

ಕೀರ್ತನೆ 91 ನಮ್ಮ ಅನೇಕರ ಕಾರಿನಲ್ಲಿ ಸ್ಟಿಕರ್ ಆಗಿದೆ. ಒಳ್ಳೇದು. ಆದರೆ ಬೈಬಲಿನಲ್ಲಿ ಆ ಕೀರ್ತನೆಯನ್ನು ಎತ್ತಿ ಹೇಳಿದವರಲ್ಲಿ ಸೈತಾನನೂ ಒಬ್ಬ. ಲೂಕ 4: ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೂತರು ಹಿಡೀತಾರೆ ಅಂತ ಅದೇ ಕೀರ್ತನೆಯನ್ನು ತೋರಿಸ್ತಾನೆ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ಹೇಳಿದ. ಸವೆದ ಟೈರಿನಲ್ಲಿ, ಯೇಸುವಿನ ರಕ್ತ ಕಾಯುತ್ತೆ ಅಂತ ಹೇಳಿ 120ರಲ್ಲಿ ಹೋಗೋದು ಧುಮುಕೋದೇ.

ಕೆಲವು ನೇರ ಮಾತು. ಆಲ್-ಸೀಸನ್ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತೆ. ಪಕ್ಕದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಹಾಕಲೇಬೇಕು ಅಂತ ಕಾನೂನೇ ಇದೆ. ಇಲ್ಲಿ ಕಡ್ಡಾಯ ಇಲ್ಲ, ಹಾಕಿದರೆ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಸಿಗುತ್ತೆ, ಕೇಳಿ ಪಡೆದುಕೊಳ್ಳಿ. ಕಾರು ಜಾರಿದರೆ ಬ್ರೇಕ್ ಒತ್ತಿ ಹಿಡಿಯಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎತ್ತ ಹೋಗಬೇಕೋ ಅತ್ತ ನೋಡಿ ಮೆತ್ತಗೆ ಸ್ಟಿಯರಿಂಗ್ ತಿರುಗಿಸಿ. ಪೊಲೀಸ್, ಆಂಬುಲೆನ್ಸ್ ಅಥವಾ ಟೋ ಟ್ರಕ್ ದೀಪ ಹಾಕಿ ರಸ್ತೆ ಬದಿ ನಿಂತಿದ್ದರೆ ವೇಗ ಇಳಿಸಿ, ಸಾಧ್ಯವಾದರೆ ಒಂದು ಲೇನ್ ಆಚೆ ಸರೀರಿ. ಅದು ಒಂಟಾರಿಯೋದ ಕಾನೂನು. ನಮ್ಮನ್ನು ಎತ್ತಿ ತಂದವರಿಗೆ ನಾವು ಹೇಳೋ ಸ್ತೋತ್ರವೂ ಅದೇ.

ಈ ಸಭೆಯಲ್ಲಿ ರಾತ್ರಿ ಊಟ ಡೆಲಿವರಿ ಮಾಡಿ ಫೀಸ್ ಕಟ್ಟೋ ವಿದ್ಯಾರ್ಥಿಗಳಿದ್ದಾರೆ. ಅವರ ಟೈರ್ ನಾನು ನೋಡಿದ್ದೀನಿ. ಅದಕ್ಕೆ ಈ ತಿಂಗಳ ಕೃತಜ್ಞತಾ ಕಾಣಿಕೆ ಪೂರ್ತಿ ವಿಂಟರ್ ಟೈರಿಗೆ ಹೋಗುತ್ತೆ ಅಂತ ಹಿರಿಯರು ಒಪ್ಪಿದ್ದಾರೆ. ಹಳೇ ಕಾರು ಮಾರಿ ಗ್ಯಾರೇಜಿನಲ್ಲಿ ಒಂದು ಸೆಟ್ ಉಳಿಸಿಕೊಂಡವರು ದಯವಿಟ್ಟು ಸೈಜ್ ಬರೆದುಕೊಡಿ. ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಎಲ್ಲರಿಗೂ ಊಟ ಇದೆ. ಕ್ರಿಸ್ತನನ್ನು ಅರಿಯದ ಒಬ್ಬ ನೆರೆಯವರನ್ನಾದರೂ ಕರ್ಕೊಂಡು ಬನ್ನಿ.

ಈ ವಾರ ಸೆಲ್ ಗ್ರೂಪಿನಲ್ಲಿ ಎರಡೇ ಪ್ರಶ್ನೆ ಮಾತಾಡಿ. ನಾನು ಇಲ್ಲಿಯವರೆಗೆ ಹೇಳಿದ ಸಾಕ್ಷಿಗಳಲ್ಲಿ ಯಾವುದನ್ನು ನೊಂದವರ ಎದುರಿಗೂ ಹೇಳಬಲ್ಲೆ? ನನಗೆ ಸಿಕ್ಕ ಈ ಒಂದು ವರ್ಷದಲ್ಲಿ ಯಾರ ಹತ್ತಿರ ಹಿಂದಿರುಗಿ ಹೋಗಬೇಕಾಗಿದೆ?

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ತಂದೆಯೇ, ನಮ್ಮ ಉಸಿರು ನಿನ್ನದು. ಯಾಕೆ ಉಳಿಸಿದೆ ಅಂತ ನಮಗೆ ತಿಳಿಯದು, ಸ್ತೋತ್ರ ಮಾತ್ರ ಹೇಳ್ತೀವಿ. ಮಗನನ್ನು ಕಳೆದುಕೊಂಡ ಮನೆಗಳಲ್ಲಿ ನೀನೇ ಕೂತಿರು. ಈ ರಾತ್ರಿ ರಸ್ತೆಗೆ ಉಪ್ಪು ಹಾಕ್ತಿರೋ ಕೈಗಳನ್ನು, ಟ್ರಕ್ ಓಡಿಸ್ತಿರೋ ಕಣ್ಣುಗಳನ್ನು ಕಾಯಿ. ನಮ್ಮ ಬೇರಿನ ಸುತ್ತ ಅಗೆದು ಗೊಬ್ಬರ ಹಾಕು, ಹಣ್ಣು ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.