ಚುಚ್ಚುಮದ್ದು ತಪ್ಪಿದಾಗ ತಾಯಿಯನ್ನೂ ವಿಚಾರಿಸೋಣ

"ಎಷ್ಟು ಹೇಳಿದ್ರೂ ಆ ಮನೆಯವ್ರು ಮಗೂಗೆ ಚುಚ್ಚುಮದ್ದು ಹಾಕ್ಸಲ್ಲ" ಎಂಬ ಮಾತನ್ನು ನಾವು ಸಂಘದ ಸಭೆಗಳಲ್ಲಿ ಕೇಳುತ್ತಿರುತ್ತೇವೆ. ಅಸಡ್ಡೆ ಎನ್ನುವುದು ಸುಲಭ.

ಕೆಲವರಿಗೆ ಭಯ. 6, 10 ಮತ್ತು 14ನೇ ವಾರದ ಪೆಂಟಾವೇಲೆಂಟ್ ಲಸಿಕೆಯ ನಂತರ ಕೆಲವು ಮಕ್ಕಳಿಗೆ ಜ್ವರ, ತೊಡೆಯಲ್ಲಿ ಬಾವು ಬರುವುದುಂಟು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೊದಲೇ ತಿಳಿಸದಿದ್ದರೆ ಅಜ್ಜಿ ಹೆದರುವುದು ಸಹಜವೇ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ: ಬಾಣಂತಿಯ ಖಿನ್ನತೆ. ಹೆರಿಗೆಯಾದ ಹೊಸದರಲ್ಲಿ ಬರುವ ಅಳು, ಬೇಸರ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗು ಬೇಡವೆನಿಸಿದರೆ ಅದು ಕಾಯಿಲೆ ಇರಬಹುದು. ದೆವ್ವದ ಕಾಟವಲ್ಲ, ಪ್ರಾರ್ಥನೆ ಕಡಿಮೆಯಾಗಿ ಬಂದದ್ದೂ ಅಲ್ಲ. ಹಾಸಿಗೆಯಿಂದ ಏಳಲಾಗದವಳು ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲುವುದೆಲ್ಲಿ?

ಮನೆಮಂದಿಯನ್ನೆಲ್ಲ ಬಲ್ಲ ಊರಿನ ಡಾಕ್ಟರರು ಮಗುವನ್ನು ನೋಡುವಾಗಲೇ "ನಿನಗೆ ನಿದ್ದೆ ಬರುತ್ತೇನಮ್ಮಾ?" ಎಂದು ಕೇಳಬಹುದು. ಮನೆ ಭೇಟಿಗೆ ಹೋಗುವ ನಾವೂ ಕೇಳಬಹುದು. ಅತ್ತೆಯ ಎದುರು ಮಾತ್ರ ಬೇಡ! ಹಾಲುಣಿಸುವ ತಾಯಿಗೂ ಚಿಕಿತ್ಸೆ ಇದೆ. ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಡವಾದ ಪೆಂಟಾವೇಲೆಂಟ್ ಅನ್ನು ಮೊದಲಿನಿಂದ ಹಾಕಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ತಾಯಿಗೆ ಬರಲಾಗದಿದ್ದರೆ ಅಪ್ಪನೋ ಅಜ್ಜಿಯೋ ಮಗುವನ್ನು ಎತ್ತಿಕೊಂಡು ಹೋಗಲಿ, ಕಾರ್ಡ್ ಮಾತ್ರ ಮರೆಯಬಾರದು.