ಶೇಡ್‌ನೆಟ್ ನರ್ಸರಿ: ಎಷ್ಟು ಅಗಲ, ಎಷ್ಟು ಉದ್ದ?

ನನ್ನ ತರಕಾರಿ ನರ್ಸರಿಗೆ ಟ್ರೇ ಸಾಲು, ನಡುವಿನ ಕಾಲುದಾರಿ ಸೇರಿ 600 ಚದರ ಅಡಿ ಬೇಕು. ಇದರ ಸುತ್ತ ಖಾಲಿ ಅಂಚೂ ಬೇಕು: ಎಡಬಲಕ್ಕೆ ತಲಾ 2 ಅಡಿ, ತಳ್ಳುಗಾಡಿ ತಿರುಗಿಸೋಕೆ ಎರಡೂ ತುದಿಗೆ ತಲಾ 3 ಅಡಿ. ಖಾಲಿ ಅಂಚಿನ ಮೇಲೂ ನೆಟ್ ಹೊದಿಸಬೇಕಲ್ಲ, ಅದಕ್ಕೇ ಈ ಲೆಕ್ಕ.

ಟ್ರೇ ಜಾಗ 10×60 ಅಡಿ ಇಟ್ಟರೆ ಒಟ್ಟು 14×66, ಅಂದ್ರೆ 924 ಚದರ ಅಡಿ. ಇದಕ್ಕಿಂತ ಕಡಿಮೆ ಆಗುತ್ತಾ?

ಟ್ರೇ ಜಾಗದ ಅಗಲ ‘ಅ’ ಅಂದುಕೊಳ್ಳಿ. ಉದ್ದ 600÷ಅ.

ಒಟ್ಟು = (ಅ+4) × (600÷ಅ+6) = 624 + 6ಅ + 2400÷ಅ

624 ಬದಲಾಗಲ್ಲ. 6ಅ ಮತ್ತು 2400÷ಅ ಗುಣಿಸಿದರೆ ಯಾವಾಗಲೂ 14400. ಗುಣಲಬ್ಧ ಬದಲಾಗದ ಎರಡು ಸಂಖ್ಯೆಗಳ ಮೊತ್ತ, ಅವೆರಡೂ ಸಮ ಇದ್ದಾಗ ಅತಿ ಕಡಿಮೆ. ಹಾಗಾಗಿ 6ಅ = 2400÷ಅ; ಅ = 20, ಉದ್ದ 30. ಒಟ್ಟು 24×36 = 864. ಅಷ್ಟೇ ಟ್ರೇ, 60 ಚದರ ಅಡಿ ನೆಟ್ ಉಳಿತಾಯ!

ನೆನಪಿಡೋಕೆ ಸುಲಭ: ಅಂಚುಗಳು 2:3 ಇದ್ದರೆ ಅಗಲ, ಉದ್ದವೂ 2:3.

ನಿಮ್ಮ ಜಾಗ 20 ಅಡಿ ಅಗಲ ಮಾತ್ರ ಇದೆಯಾ? ಚಿಂತೆ ಬೇಡ. ಟ್ರೇ ಜಾಗ 16×37.5 ಇಡಿ, ಒಟ್ಟು 870, ಬರೀ 6 ಚದರ ಅಡಿ ಹೆಚ್ಚು. ಗೂಟ ಹೊಡೆಯೋ ಮುಂಚೆ ನಿಮ್ಮ ಅಂಚಿನ ಅಳತೆ ಹಾಕಿ, ಮೊಬೈಲಲ್ಲೇ ಲೆಕ್ಕ ಮಾಡಿ ನೋಡಿ.