ದುಡಿದ ಕೈ, ಪಾಸ್‌ಬುಕ್ಕಿನ ಹೆಸರು

ಮನೆಯ ಹೆಣ್ಣುಮಗಳ ದುಡಿಮೆಗೂ ಮನೆಯ ಆಸ್ತಿಗೂ ಇರುವ ಅಂತರವನ್ನು ಅಳೆಯಲು, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರ‍್ಯಾಂಚ್ ಗೃಹಿಣಿ ಐರೀನ್ ಮರ್ಡಾಕ್ ಅವರ ಮೊಕದ್ದಮೆಗಿಂತ ನಿಚ್ಚಳವಾದ ಉದಾಹರಣೆ ಸಿಗುವುದು ಕಷ್ಟ. ರ‍್ಯಾಂಚ್ ಎಂದರೆ ವಿಶಾಲವಾದ ಹುಲ್ಲುಗಾವಲಿನಲ್ಲಿ ದನಗಳನ್ನು ಮೇಯಿಸಿ, ಬೆಳೆಸಿ ಮಾರುವ ಉದ್ಯಮ. ಖರ್ಚು ವರ್ಷವಿಡೀ ಇದ್ದು, ದೊಡ್ಡ ಮೊತ್ತ ಕೈಗೆ ಬರುವುದು ಕರುಗಳು ಮಾರಾಟವಾದಾಗ ಮಾತ್ರವಾದ್ದರಿಂದ, ನಡುವಿನ ತಿಂಗಳುಗಳು ಸಾಗುವುದು ಕೂಲಿ ಕೇಳದ ಮನೆಯವರ ದುಡಿಮೆಯ ಮೇಲೆಯೇ.

1943ರಲ್ಲಿ ಮದುವೆಯಾದ ಐರೀನ್ ಸುಮಾರು 25 ವರ್ಷ ಹುಲ್ಲು ಕೊಯ್ದರು, ಟ್ರಕ್ ಮತ್ತು ಟ್ರ್ಯಾಕ್ಟರ್ ಓಡಿಸಿದರು, ಕುದುರೆಗಳನ್ನು ಪಳಗಿಸಿದರು, ದನಗಳ ಕೊಂಬು ತೆಗೆದು, ಲಸಿಕೆ ಚುಚ್ಚಿ, ಗುರುತಿನ ಬರೆ ಹಾಕಿದರು. ಪತಿ ಬೇರೆ ಕೆಲಸದ ಮೇಲೆ ವರ್ಷಕ್ಕೆ ಐದು ತಿಂಗಳು ಹೊರಗಿರುತ್ತಿದ್ದಾಗ ಇಡೀ ರ‍್ಯಾಂಚನ್ನು ಅವರೊಬ್ಬರೇ ನಡೆಸಿದರು. 1968ರಲ್ಲಿ ದಂಪತಿ ಬೇರೆಯಾದ ಮೇಲೆ ಅವರು ಆಸ್ತಿಯಲ್ಲಿ ಅರ್ಧ ಪಾಲು ಕೇಳಿದಾಗ, ಇದು ಯಾವ ರ‍್ಯಾಂಚ್ ಗೃಹಿಣಿಯೂ ಮಾಡುವ ಕೆಲಸವೇ ಎಂದು ವಿಚಾರಣಾ ನ್ಯಾಯಾಲಯ ಹೇಳಿತು. 1973ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಬೋರಾ ಲಾಸ್ಕಿನ್ ಒಬ್ಬರೇ. ಹಣಕಾಸಿನ ದೃಷ್ಟಿಯಿಂದ ಇಲ್ಲಿ ಅತ್ಯಂತ ನೋವಿನ ಸಂಗತಿಯೆಂದರೆ, ಆಸ್ತಿ ಖರೀದಿಗೆ ಐರೀನ್ ಅವರ ಬ್ಯಾಂಕ್ ಖಾತೆಯಿಂದ ಹೋಗಿದ್ದ ಹಣವೂ ಅವರ ಹೂಡಿಕೆಯೆಂದು ಪರಿಗಣಿತವಾಗದೆ, ಅವರ ತಾಯಿ ಅಳಿಯನಿಗೆ ಕೊಟ್ಟ ಸಾಲವೆಂದು ಎಣಿಕೆಯಾಯಿತು. ಯಾವ ಹಣ ಯಾರದು, ಯಾತಕ್ಕೆ ಕೊಟ್ಟದ್ದು ಎಂಬ ಒಂದು ಸಾಲಿನ ಬರಹವಿದ್ದಿದ್ದರೆ ಈ ವಾದ ಅಷ್ಟು ಸುಲಭವಾಗಿ ನಿಲ್ಲುತ್ತಿರಲಿಲ್ಲ. ಈ ತೀರ್ಪಿನ ವಿರುದ್ಧ ದೇಶದಾದ್ಯಂತ ಮಹಿಳೆಯರು ದನಿಯೆತ್ತಿದರು. ದಾಂಪತ್ಯದ ಅವಧಿಯಲ್ಲಿ ಗಳಿಸಿದ ಆಸ್ತಿಯನ್ನು ಹಂಚುವ ಕಾಯ್ದೆ ಆಲ್ಬರ್ಟಾದಲ್ಲಿ 1979ರಲ್ಲಿ ಜಾರಿಗೆ ಬಂತು.

ಅಂಥ ಕಾಯ್ದೆ ಭಾರತದಲ್ಲಿ, ಗೋವಾದಂಥ ಒಂದೆರಡು ಕಡೆ ಬಿಟ್ಟರೆ, ಇಂದಿಗೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ ಮಗಳಿಗೆ ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತಾದರೂ, ಗಂಡನ ಹೆಸರಿನ ಜಮೀನಿನಲ್ಲಿ ಹೆಂಡತಿ ಸುರಿದ ಬೆವರಿಗೆ ವಿಚ್ಛೇದನದ ಸಂದರ್ಭದಲ್ಲಿ ಸಿಗುವುದು ಜೀವನಾಂಶವೇ ಹೊರತು ಪಾಲಲ್ಲ.

ಈ ಅಂಕಣದ ಲೇಖಕಿಯ ಮನೆಯಲ್ಲಿಯೂ ಲೆಕ್ಕ ಹೀಗೆಯೇ ನಡೆದಿತ್ತು. ನಸುಕಿನಲ್ಲೆದ್ದು ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಹಿಂಡಿ ಬೂಸಾ ಕಲಸಿಟ್ಟು, ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸುವ ಮೊದಲೇ ಡೇರಿಗೆ ಕ್ಯಾನು ಮುಟ್ಟಿಸುತ್ತಿದ್ದವಳು ಆಕೆಯಾದರೂ, ಹಾಲು ಉತ್ಪಾದಕರ ಸಂಘದ ಸದಸ್ಯತ್ವ ಪತಿಯ ಹೆಸರಿನಲ್ಲಿದ್ದುದರಿಂದ ಹಾಲಿನ ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ಅವರ ಖಾತೆಗೇ ಜಮೆಯಾಗುತ್ತಿದ್ದವು. ಪತಿ ಕೇಳಿದಷ್ಟು ಕೊಡುವವರೇ ಆಗಿದ್ದರಿಂದ ಇದು ಕೊರತೆಯೆಂದು ತೋರಿರಲಿಲ್ಲ. ಇನ್ನೊಂದು ಹಸುವಿಗೆ ಸಾಲ ಕೇಳಿ ಆಕೆ ಬ್ಯಾಂಕಿಗೆ ಹೋದ ದಿನ, ಹನ್ನೊಂದು ವರ್ಷ ಹಾಲು ಹಾಕಿದವಳ ಹೆಸರಿನಲ್ಲಿ ಒಂದು ರೂಪಾಯಿ ಆದಾಯದ ದಾಖಲೆಯೂ ಇಲ್ಲವೆಂಬುದು ತಿಳಿಯಿತು. ಜಗಳವಿಲ್ಲದ ಮನೆಯಲ್ಲಿಯೇ, ಜಗಳವಿಲ್ಲದ ಕಾಲದಲ್ಲಿಯೇ ಹೆಸರು ಸೇರಿಸುವ ಕೆಲಸ ಮುಗಿಯಬೇಕೆಂಬುದು ಅಂದಿನಿಂದ ಲೇಖಕಿಯ ದೃಢವಾದ ನಿಲುವು.

ಷೇರು ಹಣ ಕಟ್ಟಿ ಆಕೆ ಸಂಘದ ಸದಸ್ಯೆಯಾದ ಮೇಲೆ ಬಂದ ಮೊದಲ ಚೀಟಿಯಲ್ಲಿ ಲೀಟರು, ಫ್ಯಾಟು, ದರಗಳೆಲ್ಲ ಹಿಂದಿನ ದಿನದಂತೆಯೇ ಇದ್ದವು, ಮೇಲಿನ ಸಾಲಿನ ಹೆಸರು ಮಾತ್ರ ಬೇರೆಯಾಗಿತ್ತು. ಆ ಚೀಟಿ ಇಂದಿಗೂ ಪಾಸ್‌ಬುಕ್ಕಿನ ನಡುವೆ ಇದೆ.